ನಾಲ್ಕು ದಿನದ ಅತಿಥಿ

ತಿಥಿಯನ್ನು ಮೊದಲೇ ತಿಳಿಸದೆ ಬರುವವನೇ ಅತಿಥಿ ಎಂದು ಹಿಂದಿನವರು ಆ ಪದವನ್ನು ಬಿಡಿಸಿ ಹೇಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿ, ಇದ್ದುದನ್ನು ಉಂಡು, ಹಾಸಿದ ಚಾಪೆಯ ಮೇಲೆ ಮಲಗಿ, ಬೆಳಗಾದರೆ ಹರಸಿ ಹೋಗುವವನು ಅವನು. ಈ ಅರ್ಥವನ್ನು ಒಪ್ಪುವುದಾದರೆ, ಕಡಲ ತೀರದ ರೆಸಾರ್ಟುಗಳಲ್ಲಿ ಇಳಿದುಕೊಳ್ಳುವವರು ಯಾರೂ ಅತಿಥಿಗಳೆನಿಸಿಕೊಳ್ಳಲಾರರು. ಆರು ತಿಂಗಳ ಮೊದಲೇ ತಿಥಿಯನ್ನು ಗೊತ್ತುಮಾಡಿ, ಹಣವನ್ನು ಕಟ್ಟಿ, ದಿಂಬು ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂಬುದನ್ನೂ ಬರೆದು ತಿಳಿಸಿ ಹೋಗುವವರು ಅವರು. ಆದರೂ ಅಲ್ಲಿ ಅವರಿಗೆ ಅತಿಥಿಗಳೆಂದೇ ಹೆಸರು. ಗಿರಾಕಿ ಎಂಬ ಮಾತನ್ನು ಅಲ್ಲಿ ಯಾರೂ ನಾಲಗೆಯ ಮೇಲೆ ತರುವುದಿಲ್ಲ.

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಇತಿಹಾಸವನ್ನು ಬೋಧಿಸಿ ನಿವೃತ್ತರಾದ ಮೇಷ್ಟರೊಬ್ಬರು ಇಂಥ ಅತಿಥಿಯಾಗಿ ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪಕ್ಕೆ ಹೋದದ್ದು ತಮ್ಮ ಇಚ್ಛೆಯಿಂದಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ಮಗ, ತಂದೆತಾಯಿಯರ ಮದುವೆಯಾಗಿ ನಲವತ್ತು ವರ್ಷ ತುಂಬಿದ ನೆವದಲ್ಲಿ ನಾಲ್ಕು ದಿನದ ವಾಸ್ತವ್ಯವನ್ನು ಗೊತ್ತುಮಾಡಿ ಚೀಟಿಯನ್ನು ಕೈಯಲ್ಲಿಟ್ಟುಬಿಟ್ಟ. “ಕಾಶಿ, ರಾಮೇಶ್ವರ ಬಿಟ್ಟರೆ ನೀವಿಬ್ಬರೂ ಎಲ್ಲಿಗೆ ಹೋಗಿದ್ದೀರಿ ಅಪ್ಪ? ಅಲ್ಲಿಗೂ ಅಮ್ಮ ಸ್ಟೌವು ಹೊತ್ತುಕೊಂಡೇ ಬಂದಿದ್ದಳು” ಎಂದ. ಒಂದು ರಾತ್ರಿಯ ಬಾಡಿಗೆ ಎಷ್ಟೆಂದು ಮೇಷ್ಟರು ಕೇಳಿದರು, ಮಗ ಹೇಳಲಿಲ್ಲ. ಆಮೇಲೆ ಬೇರೆ ಮೂಲದಿಂದ ತಿಳಿದುಕೊಂಡು, ಅದು ತಮ್ಮ ಎರಡು ತಿಂಗಳ ಪಿಂಚಣಿಗೆ ಸಮವೆಂದು ಲೆಕ್ಕ ಹಾಕಿದರು. ಆ ಲೆಕ್ಕವನ್ನು ಶ್ರೀಮತಿಯವರಿಗೆ ಹೇಳದಿರುವ ವಿವೇಕವನ್ನೂ ತೋರಿದರು.

ಪ್ರಯಾಣಕ್ಕೆ ಮುನ್ನ ಭೂಪಟವನ್ನು ಹರಡುವುದು ಮೇಷ್ಟರ ಹಳೆಯ ಅಭ್ಯಾಸ. ಭಾರತದ ನೈಋತ್ಯಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 860 ಕಿಲೋಮೀಟರು ಉದ್ದಕ್ಕೆ ಚೆಲ್ಲಿದ ಸುಮಾರು 1,190 ಹವಳದ ದ್ವೀಪಗಳು. ಜನವಸತಿ ಇರುವುದು ಅವುಗಳಲ್ಲಿ ಸುಮಾರು 200ರಲ್ಲಿ ಮಾತ್ರ. ಸಮುದ್ರಮಟ್ಟದಿಂದ ನೆಲದ ಸರಾಸರಿ ಎತ್ತರ ಒಂದೂವರೆ ಮೀಟರು, ಎಂದರೆ ನೀರಿನಂಚಿನಲ್ಲಿ ನಿಂತ ಮೇಷ್ಟರ ಭುಜದಷ್ಟು. ಉತ್ತರಕ್ಕೆ ಬೆರಳನ್ನು ಸರಿಸಿದರೆ ಅದೇ ಕಡಲಡಿಯ ದಿಣ್ಣೆಯ ಮೇಲೆ ಲಕ್ಷದ್ವೀಪಗಳು. ಅವುಗಳಲ್ಲಿ ಅಮಿನಿದಿವಿ ಗುಂಪು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. “ತೀರ ಪರದೇಶವೇನಲ್ಲ ಕಣೆ, ನಮ್ಮ ಜಿಲ್ಲೆಯ ನೆರೆಹೊರೆಯೇ” ಎಂದು ಮೇಷ್ಟರು ಹೆಂಡತಿಗೆ ಧೈರ್ಯ ಹೇಳಿದರು. “ನೆರೆಹೊರೆಯಾದರೆ ಹುಣಿಸೆಹಣ್ಣು ಸಿಗುತ್ತದೆಯೆ ಕೇಳಿ” ಎಂದರು ಆಕೆ, ಚಟ್ನಿಪುಡಿಯ ಡಬ್ಬಿಗೆ ಮುಚ್ಚಳ ಬಿಗಿಯುತ್ತ.

ಬೆಂಗಳೂರಿನಿಂದ ಎರಡು ಗಂಟೆಯಷ್ಟರ ಹಾರಾಟ. ವಿಮಾನ ಇಳಿದ ನಿಲ್ದಾಣವೇ ಒಂದು ದ್ವೀಪ. ಅಲ್ಲಿಂದ ಮುಂದಕ್ಕೆ, ನೀರಿನ ಮೇಲೆಯೇ ಇಳಿದು ನೀರಿನಿಂದಲೇ ಏಳುವ ಪುಟ್ಟ ವಿಮಾನ. ಅದರ ಚಾಲಕರಿಬ್ಬರೂ ಚಡ್ಡಿ ತೊಟ್ಟು ಬರಿಗಾಲಿನಲ್ಲಿ ಕುಳಿತಿದ್ದರು. ಬರಿಗಾಲಿನವರ ಕೈಗೆ ಪ್ರಾಣವನ್ನು ಒಪ್ಪಿಸುವುದೆಂತು ಎಂದು ಮೇಷ್ಟರಿಗೆ ದಿಗಿಲಾದರೆ, ಶ್ರೀಮತಿಯವರಿಗೆ ಅದರಿಂದಲೇ ಸಮಾಧಾನವಾಯಿತು. ಬರಿಗಾಲಿನಲ್ಲಿರುವವರು ಮನೆಯವರಂತೆ ಕಂಡರು. ದ್ವೀಪದ ಸಮೀಪ ನೀರಿಗಿಳಿದ ವಿಮಾನದಿಂದ ದಡಕ್ಕೆ ಕರೆದೊಯ್ಯಲು ಮರದ ನಾವೆಯೊಂದು ಬಂತು. ಅದನ್ನು ಏನೆಂದು ಕರೆಯುತ್ತಾರೆ ಎಂದು ಮೇಷ್ಟರು ವಿಚಾರಿಸಿದರು. “ದೋನಿ” ಎಂದ ನಾವಿಕ. ನುಡಿ ಬೇರೆ, ಲಿಪಿ ಬೇರೆ, ಬಲದಿಂದ ಎಡಕ್ಕೆ ಬರೆಯುವ ನಾಡು. ಆದರೂ ದೋಣಿ ಮಾತ್ರ ದೋಣಿಯೇ. ಅಷ್ಟರಿಂದಲೇ ಮೇಷ್ಟರ ಎದೆ ಅರ್ಧ ಹಗುರವಾಯಿತು.

ದಡಕ್ಕೆ ಕಾಲಿಟ್ಟೊಡನೆ ಪಾದರಕ್ಷೆಗಳನ್ನು ಬಟ್ಟೆಯ ಚೀಲವೊಂದರಲ್ಲಿ ಹಾಕಿಸಿಕೊಂಡರು. ಹೊರಡುವ ದಿನದವರೆಗೆ ಅವುಗಳ ಅಗತ್ಯವಿಲ್ಲವಂತೆ. ಊಟದ ಮನೆಯ ನೆಲವೂ ಮರಳೇ, ದಾರಿಯೂ ಮರಳೇ. ಎಳನೀರು ತಂದಿತ್ತರು. ಆ ನಾಡಿನ ನುಡಿಯಲ್ಲಿ ಎಳನೀರಿಗೆ ಕುರುಂಬಾ ಎಂದು ಹೆಸರು. 1972ರಲ್ಲಿ ಮಾಲೆ ನಗರದ ಸಮೀಪ ತೆರೆದ ಅಲ್ಲಿನ ಮೊತ್ತಮೊದಲ ರೆಸಾರ್ಟಿಗೂ ಅದೇ ಹೆಸರನ್ನಿಟ್ಟಿದ್ದರು. ಅದರಲ್ಲಿದ್ದುದು ಮೂವತ್ತು ಕೊಠಡಿ. ಹವಳದ ಕಲ್ಲಿನ ಗೋಡೆ, ತೆಂಗಿನಗರಿಯ ಸೂರು. ಮೀನು ಹಿಡಿದು ಬದುಕುತ್ತಿದ್ದ ದೇಶ ಅತಿಥಿಸತ್ಕಾರವನ್ನೇ ಕಸುಬಾಗಿ ಹಿಡಿದದ್ದು ಅಲ್ಲಿಂದ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗಳು ಇಪ್ಪತ್ತು ಲಕ್ಷವನ್ನು ಮೀರಿದರು. ಆ ದೇಶದ ಜನಸಂಖ್ಯೆಯಾದರೋ, 2022ರ ಗಣತಿಯಂತೆ, ಐದು ಲಕ್ಷದ ಹದಿನೈದು ಸಾವಿರದಷ್ಟು. ಮನೆಯವರ ನಾಲ್ಕರಷ್ಟು ನೆಂಟರು! ನಮ್ಮ ಮದುವೆಯ ಮನೆಗಳಲ್ಲಿ ಮಾತ್ರ ಕಾಣಬಹುದಾದ ಅನುಪಾತ ಇದು.

ಮೇಷ್ಟರ ದ್ವೀಪವೂ ಚಿಕ್ಕದೇ. ಹತ್ತು ನಿಮಿಷದಲ್ಲಿ ಸುತ್ತಿ ಬರಬಹುದು. ಮೂವತ್ತು ಮನೆಗಳಿಗೆ ಕುಟೀರಗಳೆಂದು ಹೆಸರಿದ್ದರೂ, ಒಂದೊಂದು ಕುಟೀರದ ಸ್ನಾನದ ಮನೆಯಲ್ಲಿ ಮೈಸೂರಿನ ಅವರ ಅಡುಗೆಮನೆ, ದೇವರ ಮನೆ ಎರಡೂ ಹಿಡಿಸುವಂತಿದ್ದವು. ಮರದ ತುದಿಗಿಂತ ಎತ್ತರವಾದ ಕಟ್ಟಡವಿಲ್ಲ. ಒಂದು ಕುಟೀರದವರಿಗೆ ಇನ್ನೊಂದು ಕುಟೀರ ಕಾಣದಂತೆ ನಡುವೆ ಕೇದಗೆಯ ಪೊದೆ, ತೆಂಗಿನ ಸಾಲು. ಎದುರಿಗೆ ಮೊಣಕಾಲುದ್ದದ ನೀರು, ಅದರಾಚೆ ಹವಳದ ದಿಬ್ಬ, ಅದರಾಚೆ ನೀಲಿಯ ಮೇಲೆ ನೀಲಿ. ಸೌಖ್ಯವೆಂಬುದು ಅಲ್ಲಿ ವಸ್ತುಗಳಲ್ಲಿರಲಿಲ್ಲ; ಮನಸ್ಸಿನಲ್ಲಿ ಬೇಕೆನಿಸಿ ಬಾಯಿಗೆ ಬರುವ ಮುನ್ನವೇ ಅದು ಮುಂದೆ ಬಂದು ನಿಲ್ಲುತ್ತಿತ್ತು. ಬಾಯಾರಿಕೆಯಾದೀತು ಎನ್ನುವಷ್ಟರಲ್ಲಿ ತಣ್ಣೀರು. ಮೈ ಒದ್ದೆಯಾದೊಡನೆ ಒಣಗಿದ ಟವಲು. ಊಟಕ್ಕೆ ಹೋಗಿ ಬರುವುದರೊಳಗೆ ಹಾಸಿಗೆಯ ಸುಕ್ಕು ಬಿಡಿಸಿ, ಮೇಲೆ ಒಂದು ಹೂವು.

ಮೇಷ್ಟರು ಈ ಜೀವನಕ್ಕೆ ಹೊಂದಿಕೊಂಡ ವೇಗ ಆಶ್ಚರ್ಯಕರವಾದದ್ದು. ಮೊದಲ ದಿನದ ಸಂಜೆಗೇ ಅವರು ಒರಗುಕುರ್ಚಿಯಲ್ಲಿ ಕಾಲು ಚಾಚಿ, ಹುಟ್ಟಿದಂದಿನಿಂದ ಅಲ್ಲೇ ಇದ್ದವರಂತೆ ಕಾಣುತ್ತಿದ್ದರು. ಕಷ್ಟವಾದದ್ದು ಶ್ರೀಮತಿಯವರಿಗೆ. ಅವರ ಕೈಗಳಿಗೆ ಕೆಲಸವಿರಲಿಲ್ಲ. ಊಟವಾದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಲು ಹೋದರು. ಹುಡುಗ ಓಡಿ ಬಂದು ಕೈಮುಗಿದು ಕಸಿದುಕೊಂಡ. ಕಾಫಿ ಕುಡಿದ ಬಟ್ಟಲುಗಳನ್ನು ಸ್ನಾನದ ಮನೆಯಲ್ಲಿ ತೊಳೆದು ಬೋರಲು ಹಾಕಿದರು. ನೆಂಟರ ಮನೆಯಲ್ಲಿ ಮಲಗಿದರೂ ಬೆಳಿಗ್ಗೆ ಹಾಸಿಗೆಯನ್ನು ಸುತ್ತಿಟ್ಟೇ ಏಳಬೇಕೆಂದು ತಾಯಿ ಕಲಿಸಿದ್ದ ಪಾಠದಂತೆ, ಮಾರನೆಯ ದಿನ ಹೊದಿಕೆಯನ್ನು ಮಡಿಸಿ, ಹಾಸನ್ನು ಕೊಡವಿ, ದಿಂಬುಗಳನ್ನು ತಟ್ಟಿ ಇಟ್ಟರು. ಮಧ್ಯಾಹ್ನ ವ್ಯವಸ್ಥಾಪಕನೇ ಬಂದು, ಸೇವೆಯಲ್ಲಿ ಏನಾದರೂ ಲೋಪವಾಯಿತೆ ಎಂದು ವಿನಯದಿಂದ ವಿಚಾರಿಸಿದ. ಇಲ್ಲಪ್ಪ, ಎಲ್ಲ ಚೆನ್ನಾಗಿದೆ ಎಂದು ಆಕೆ ಅವನಿಗೆ ಸಮಾಧಾನ ಹೇಳಬೇಕಾಯಿತು. ಅವನು ಹೋದ ಮೇಲೆ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡು ಕಡಲನ್ನು ನೋಡುತ್ತ ಕುಳಿತರು. ಆ ಕೈಗಳು ಪರಸ್ಥಳದಲ್ಲಿ ದಾರಿ ತಪ್ಪಿದ ಮಕ್ಕಳಂತೆ ಒಂದನ್ನೊಂದು ಹಿಡಿದುಕೊಂಡಿದ್ದವು.

ಇದಕ್ಕೆ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಮೇಷ್ಟರು ಹೆಂಡತಿಯ ಮನಸ್ಸನ್ನು ಬೇರೆಡೆಗೆ ಸೆಳೆಯಲು ಇತಿಹಾಸವನ್ನು ತೆರೆದಿದ್ದರು. ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತಾ ನಮ್ಮ ಹೊನ್ನಾವರದಲ್ಲಿ ಕೆಲಕಾಲವಿದ್ದು, ಅಲ್ಲಿ ಹೆಣ್ಣುಮಕ್ಕಳಿಗೇ ಹದಿಮೂರು ಶಾಲೆಗಳಿದ್ದುದನ್ನು ಬರೆದಿಟ್ಟ. ಆಮೇಲೆ 1343ರಲ್ಲಿ ಈ ದ್ವೀಪಗಳಿಗೆ ಬಂದು, ನ್ಯಾಯಾಧೀಶನ ಪದವಿಯನ್ನು ಪಡೆದು, ಹಲವು ಮದುವೆಗಳನ್ನೂ ಮಾಡಿಕೊಂಡ. ಅವನಿಗೆ ಇಲ್ಲಿ ವಿಚಿತ್ರವಾಗಿ ಕಂಡ ಸಂಗತಿಗಳಲ್ಲಿ ಒಂದೆಂದರೆ, ಇಲ್ಲಿಯ ಹೆಂಗಸರು ಗಂಡನೊಡನೆ ಕುಳಿತು ಉಣ್ಣುತ್ತಿರಲಿಲ್ಲ. ಹೆಂಡತಿ ಏನನ್ನು ತಿನ್ನುತ್ತಾಳೆಂಬುದೇ ಗಂಡನಿಗೆ ತಿಳಿಯುತ್ತಿರಲಿಲ್ಲ. ಅವನು ಮದುವೆಯಾದವರಲ್ಲಿ ಕೆಲವರು ಬಹಳ ಒತ್ತಾಯದ ಮೇಲೆ ಜೊತೆಯಲ್ಲಿ ಕುಳಿತರು, ಕೆಲವರು ಕೊನೆಯವರೆಗೂ ಒಪ್ಪಲಿಲ್ಲ.

“ಎಂಥ ವಿಚಿತ್ರ ನೋಡು!” ಎಂದು ಮೇಷ್ಟರು ಪಾಠ ಮುಗಿಸಿದ ಧಾಟಿಯಲ್ಲಿ ಕನ್ನಡಕವನ್ನು ಸರಿಪಡಿಸಿಕೊಂಡರು.

“ಅದರಲ್ಲಿ ವಿಚಿತ್ರವೇನು ಬಂತು?” ಎಂದರು ಆಕೆ.

ಮೇಷ್ಟರು ಆ ಮಾತಿಗೆ ಹೆಚ್ಚಿನ ಬೆಲೆ ಕೊಡಲಿಲ್ಲ. ಇತಿಹಾಸ ಬಲ್ಲವರಿಗೆ ಇತಿಹಾಸ ಬೇರೆಯವರ ಮನೆಯಲ್ಲಿ ನಡೆಯುತ್ತದೆಂಬ ನಂಬಿಕೆ ಇರುತ್ತದೆ.

ಎರಡನೆಯ ದಿನ ಸಂಜೆ ನೀರಿನಂಚಿಗೇ ಮೇಜು ಹಾಕಿ ದೀಪವಿಟ್ಟಿದ್ದರು. ಬಡಿಸುವ ಹುಡುಗ ಬಂದು, ಮಾಂಸ ಮೀನು ಬಳಸದವರಿಗಾಗಿ ಬಾಣಸಿಗರು ಬೇಕಾದುದನ್ನು ಮಾಡಿಕೊಡುತ್ತಾರೆಂದು ಹೇಳಿ, ಮೊದಲು ಶ್ರೀಮತಿಯವರ ಕಡೆಗೆ ತಿರುಗಿ, “ಅಮ್ಮ, ನಿಮಗೆ ಏನು ಇಷ್ಟ?” ಎಂದು ಹಿಂದಿಯಲ್ಲಿ ಕೇಳಿದ. ಆಕೆ ಹುಡುಗಿಯಾಗಿದ್ದಾಗ ಹಿಂದಿ ಪ್ರಚಾರ ಸಭೆಯ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದವರು. ಪ್ರಶ್ನೆ ಅರ್ಥವಾಗದೆ ಇರಲಿಲ್ಲ. ಆದರೆ ಉತ್ತರ ಹೊಳೆಯಲಿಲ್ಲ. ಗಂಡನಿಗೆ ಮಜ್ಜಿಗೆಹುಳಿ, ಮಗನಿಗೆ ಬಿಸಿಬೇಳೆಬಾತು, ಮಗಳಿಗೆ ಕಾಯಿಹೋಳಿಗೆ, ಅತ್ತೆಯವರಿಗೆ ಮೆಂತ್ಯದ ಗೊಜ್ಜು, ಮಾವನವರಿಗೆ ಉಪ್ಪಿಲ್ಲದ ಸಾರು. ಈ ಪಟ್ಟಿ ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಬಾಯಿಪಾಠ. ತನ್ನ ಹೆಸರಿನ ಮುಂದೆ ಬರೆಯಬೇಕಾದುದೇನೆಂದು ಯಾರೂ ಕೇಳಿರಲಿಲ್ಲ, ಆಕೆಯೂ ಕೇಳಿಕೊಂಡಿರಲಿಲ್ಲ.

ಹುಡುಗ ಲೇಖನಿ ಹಿಡಿದು ಕಾದ. ಆಮೇಲೆ, ಸಹಾಯಕ್ಕೆಂಬಂತೆ, ಮೇಷ್ಟರ ಕಡೆ ನೋಡಿ, “ಸಾರ್, ಅಮ್ಮನಿಗೆ ಏನು ಇಷ್ಟ?” ಎಂದ.

ಮೇಷ್ಟರು ಬಾಯಿ ತೆರೆದರು. ಪಾಣಿಪಟ್ಟಿನ ಮೂರು ಯುದ್ಧಗಳ ಇಸವಿಗಳನ್ನು ತಡವರಿಸದೆ ಹೇಳಬಲ್ಲವರು ಅವರು. ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಅಲೆಯೊಂದು ಬಂದು ಮೇಜಿನ ಕಾಲುಗಳ ಸಮೀಪದವರೆಗೆ ನೊರೆಯನ್ನು ಹಾಸಿ ಹಿಂದಕ್ಕೆ ಹೋಯಿತು.

“ಏನಾದರೂ ಆಗಲಿ,” ಎಂದರು ಆಕೆ ಕೊನೆಗೆ, “ಬಿಸಿಯಾಗಿದ್ದರೆ ಸಾಕು.”

ಹುಡುಗ ನಕ್ಕು ಬರೆದುಕೊಂಡ. ಮೇಷ್ಟರೂ ನಕ್ಕರು, ನಗಬೇಕಾದ ಮಾತೆಂದೇ ಭಾವಿಸಿದರು. ಅನ್ನವೂ ತೊವ್ವೆಯೂ ಆವಿಯಾಡುತ್ತ ಬಂದವು. ಆಕೆ ಅವನ್ನು ಕಲಸಿ, ಬೆರಳುಗಳಿಗೆ ಬಿಸಿ ತಾಗಿದಾಗ ಕೈಯನ್ನು ಒಮ್ಮೆ ಹಿಂದಕ್ಕೆಳೆದುಕೊಂಡು, ಮತ್ತೆ ಕಲಸಿ, ಮಾತಿಲ್ಲದೆ ಉಂಡರು. ಅಷ್ಟು ನಿಧಾನವಾಗಿ ಆಕೆ ಉಣ್ಣುವುದನ್ನು ಮೇಷ್ಟರು ನೋಡಿರಲಿಲ್ಲ. ಆ ರಾತ್ರಿ ಸೊಳ್ಳೆಪರದೆಯೊಳಗೆ ಮಲಗಿ ಯೋಚಿಸಿದಾಗ, ವೇಗವಾಗಿ ಉಣ್ಣುವುದನ್ನೂ ತಾವು ನೋಡಿಲ್ಲವೆಂಬುದು ಅವರ ಅರಿವಿಗೆ ಬಂತು. ಅವರು ಉಂಡು ಎದ್ದು, ಅಡಕೆ ಬಾಯಿಗೆ ಹಾಕಿಕೊಂಡು, ಪತ್ರಿಕೆಯನ್ನು ಬಿಡಿಸಿದ ಮೇಲೆ ಅಡುಗೆಮನೆಯ ಕಡೆಯಿಂದ ಒಂದು ತಟ್ಟೆಯ ಸದ್ದು ಬರುತ್ತಿತ್ತು. ಅಷ್ಟರ ಮಟ್ಟಿಗೆ ಅವರಿಗೆ ಗೊತ್ತು. ಆ ಹೊತ್ತಿಗೆ ಅನ್ನ ಆರಿರುತ್ತದೆಂಬುದನ್ನು ಅವರು ಲೆಕ್ಕ ಹಾಕಿರಲಿಲ್ಲ. ನಲವತ್ತು ವರ್ಷದ ಮಧ್ಯಾಹ್ನಗಳು. ಎರಡು ತಿಂಗಳ ಪಿಂಚಣಿಯ ಲೆಕ್ಕಕ್ಕಿಂತ ದೊಡ್ಡ ಲೆಕ್ಕ.

ಮೂರನೆಯ ದಿನ ಬೆಳಕು ಹರಿಯುವ ಮುನ್ನ ಮೇಷ್ಟರಿಗೆ ಅರೆನಿದ್ದೆಯಲ್ಲಿ ಪೊರಕೆಯ ಸದ್ದು ಕೇಳಿಸಿತು. ಮಂಪರಿನಲ್ಲಿ ತಾವು ಮೈಸೂರಿನ ಮನೆಯಲ್ಲಿರುವಂತೆ ಭಾಸವಾಗಿ, ಎಂದಿನಂತೆ ಮಗ್ಗುಲು ಬದಲಿಸಿದರು. ಕಾಗೆಯ ಕೂಗಿನಂತೆ, ಹಾಲಿನವನ ಗಂಟೆಯಂತೆ, ಆ ಸದ್ದು ಬೆಳಗಿನ ಒಂದು ಅಂಗವೆಂದೇ ಅವರ ಕಿವಿ ಒಪ್ಪಿಕೊಂಡಿತ್ತು. ಅದರ ಹಿಂದೆ ಎರಡು ಕೈಗಳಿವೆಯೆಂದು ಎಂದೂ ಎಚ್ಚರಗೊಂಡಿರಲಿಲ್ಲ. ಈಗ ಎಚ್ಚರವಾಯಿತು. ಪಕ್ಕದಲ್ಲಿ ಹೆಂಡತಿ ಇರಲಿಲ್ಲ. ಎದ್ದು ಬಂದರೆ ಆಕೆ ಜಗಲಿಯ ಮೆಟ್ಟಿಲ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಅಂಗಳದ ಮರಳನ್ನು ಬೇರೊಬ್ಬ ಗುಡಿಸುತ್ತಿದ್ದ.

ಇಪ್ಪತ್ತೈದು ಇಪ್ಪತ್ತಾರರ ಯುವಕ. ಕೈಯಲ್ಲಿ ಉದ್ದ ಹಿಡಿಯ, ತೆಂಗಿನಗರಿಯ ಕಡ್ಡಿಪೊರಕೆ. ಅವನು ಮುಂದಕ್ಕೆ ಗುಡಿಸಿಕೊಂಡು ಹೋಗುತ್ತಿರಲಿಲ್ಲ. ಹಿಂದು ಹಿಂದಕ್ಕೆ ಸರಿಯುತ್ತ ಗುಡಿಸುತ್ತಿದ್ದ. ಅವನ ಮುಂದೆ ಮರಳಿನ ಮೇಲೆ ಸಣ್ಣ ಗೆರೆಗಳು ಬಾಚಿದ ಕೂದಲಿನಂತೆ ಮೂಡುತ್ತಿದ್ದವು. ಹಿಂದಿನ ದಿನದ ಹೆಜ್ಜೆಗಳೆಲ್ಲ ಅಳಿದುಹೋಗಿ, ಆ ನೆಲವನ್ನು ಮನುಷ್ಯ ಇನ್ನೂ ಮೆಟ್ಟಿಯೇ ಇಲ್ಲವೆಂಬಂತೆ ಕಾಣುತ್ತಿತ್ತು.

“ಯಾಕೆ ಹಾಗೆ ಹಿಂದಕ್ಕೆ ನಡೆಯುತ್ತಾನೆ?” ಎಂದರು ಮೇಷ್ಟರು.

“ಅವನ ಹೆಜ್ಜೆಯೂ ಉಳಿಯಬಾರದಲ್ಲ, ಅದಕ್ಕೆ,” ಎಂದರು ಆಕೆ. “ನೆಲ ಸಾರಿಸುವಾಗ ನಾವೂ ಹಾಗೇ ಹಿಂದಕ್ಕೆ ಬರುತ್ತೇವೆ. ನೀವು ನೋಡಿಲ್ಲ.”

ಆಕೆ ಆಗಲೇ ಅವನನ್ನು ಮಾತನಾಡಿಸಿಯೂ ಆಗಿತ್ತು. ಬಾಂಗ್ಲಾದೇಶದ ಬರಿಸಾಲ್ ಕಡೆಯವನು. ಸಿನಿಮಾ ನೋಡಿ ಕಲಿತ ಹಿಂದಿ. ಊರಿಗೆ ಹೋಗಿ ಮೂರು ವರ್ಷವಾಗಿತ್ತು. ಅವನ ತಾಯಿಯೂ ದಿನವೂ ಅಂಗಳವನ್ನು ಗುಡಿಸಿ ಸಗಣಿ ಮಣ್ಣು ಸಾರಿಸುತ್ತಾಳಂತೆ. ಊರಿನಲ್ಲಿದ್ದಾಗ ಅವನು ಎಂದೂ ಪೊರಕೆ ಮುಟ್ಟಿದವನಲ್ಲವಂತೆ. ಅತಿಥಿಗಳು ಏಳುವ ಮುನ್ನ ದ್ವೀಪದ ಸುತ್ತ ಮುಗಿಸಬೇಕು. ಗುಡಿಸುವವನು ಯಾರ ಕಣ್ಣಿಗೂ ಬೀಳದಿದ್ದರೆ ಕೆಲಸ ಚೆನ್ನಾಗಿ ಆಯಿತೆಂದು ಅರ್ಥ. ಇಂಥವರು ಆ ದೇಶದಲ್ಲಿ ಒಬ್ಬಿಬ್ಬರಲ್ಲ. 2022ರ ಗಣತಿಯ ಲೆಕ್ಕದಲ್ಲಿ ನಾಲ್ವರಲ್ಲಿ ಒಬ್ಬರು ದುಡಿಮೆಗೆ ಬಂದ ಹೊರದೇಶದವರೇ, ಅವರಲ್ಲಿಯೂ ಬಾಂಗ್ಲಾದೇಶದವರೇ ಹೆಚ್ಚು.

ಆ ದಿನ ಮೇಷ್ಟರು ಒರಗುಕುರ್ಚಿಯನ್ನು ಬಿಟ್ಟು ದ್ವೀಪದ ಬೆನ್ನ ಕಡೆಗೆ ನಡೆದರು. ಕೇದಗೆಯ ಪೊದೆಗಳ ಮರೆಯಲ್ಲಿ ಆ ಸೌಖ್ಯದ ಅಡುಗೆಮನೆ ಇತ್ತು. ಜನರೇಟರುಗಳು ಗುಂಯ್‌ಗುಡುತ್ತಿದ್ದವು. ಕಡಲ ನೀರಿನ ಉಪ್ಪನ್ನು ತೆಗೆದು ಸಿಹಿನೀರು ಮಾಡುವ ಯಂತ್ರ ಅವುಗಳ ಬಲದಿಂದ ನಡೆಯುತ್ತಿತ್ತು. ಸುತ್ತಲೂ ನೀರೇ ಆದರೂ ಕುಡಿಯುವ ಹನಿಹನಿಗೂ ಎಣ್ಣೆ ಉರಿಯಬೇಕು. ಅಕ್ಕಿ, ಬೇಳೆ, ತರಕಾರಿ ಬಹುಪಾಲು ಬೇರೆ ದೇಶಗಳಿಂದ ಹಡಗಿನಲ್ಲಿ ಬರಬೇಕು. ಹವಳದ ಪುಡಿಯಲ್ಲಿ ಬೆಳೆಯುವುದು ಎಷ್ಟು? ಉಳಿದ ಕಸಕ್ಕೂ ಒಂದು ಹಿತ್ತಿಲು ಬೇಕು. ಮಾಲೆಯ ಸಮೀಪ ತಿಲಫುಶಿ ಎಂಬಲ್ಲಿ 1990ರ ದಶಕದ ಆರಂಭದಿಂದ ಕಸವನ್ನು ತುಂಬಿ ತುಂಬಿಯೇ ಒಂದು ದ್ವೀಪವನ್ನು ಬೆಳೆಸಿದ್ದಾರೆ. ಪ್ರವಾಸಿಗಳ ಚಿತ್ರಪಟಗಳಲ್ಲಿ ಆ ದ್ವೀಪ ಕಾಣಿಸುವುದಿಲ್ಲ. ಪಡಸಾಲೆಯಲ್ಲಿ ಕುಳಿತ ಯಜಮಾನನಿಗೆ ಮುಸುರೆ ಪಾತ್ರೆಗಳ ರಾಶಿ ಹೇಗೆ ಕಾಣಿಸುವುದಿಲ್ಲವೋ ಹಾಗೆ.

ಕಾಲಡಿಯ ಆ ಬಿಳಿಯ ಮರಳೂ ಯಾರದೋ ದುಡಿಮೆಯೇ ಎಂಬುದನ್ನು ಅಂದು ಮಧ್ಯಾಹ್ನ ಕಡಲಜೀವಿಗಳ ವಿಷಯ ಬಲ್ಲ ತರುಣಿಯೊಬ್ಬಳು ವಿವರಿಸಿದಳು. ಗಿಳಿಮೀನುಗಳು ತಮ್ಮ ಕೊಕ್ಕಿನಂಥ ಹಲ್ಲುಗಳಿಂದ ಹವಳದ ಕಲ್ಲನ್ನು ಕೊರೆದು ಅದರ ಮೇಲಿನ ಪಾಚಿಯನ್ನು ತಿನ್ನುತ್ತವೆ. ನುಂಗಿದ ಕಲ್ಲು ಹೊಟ್ಟೆಯಲ್ಲಿ ಅರೆದು ಮರಳಾಗಿ ಹೊರಬೀಳುತ್ತದೆ. ದೊಡ್ಡದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳನ್ನು ಮಾಡಬಲ್ಲದು. ಆ ಮರಳೂ ಒಂದೆಡೆ ನಿಲ್ಲುವುದಿಲ್ಲ. ಈಶಾನ್ಯದ ಗಾಳಿಯ ಕಾಲದಲ್ಲಿ ದ್ವೀಪದ ಒಂದು ಮಗ್ಗುಲಿಗೆ, ನೈಋತ್ಯದ ಮಳೆಗಾಳಿಯ ಕಾಲದಲ್ಲಿ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. 1998ರಲ್ಲಿ ಕಡಲು ಕಾದು ಆ ದ್ವೀಪಗಳ ಆಳವಿಲ್ಲದ ನೀರಿನ ಹವಳದಲ್ಲಿ ಬಹುಪಾಲು ಬಿಳಚಿ ಸತ್ತಿತು. ಚೇತರಿಸಿಕೊಳ್ಳುವಷ್ಟರಲ್ಲಿ 2016ರಲ್ಲಿ ಮತ್ತೆ ಕಾದಿತು. ಹವಳ ಬೆಳೆಯದಿದ್ದರೆ ಮೀನಿಗೆ ಮೇವಿಲ್ಲ, ದ್ವೀಪಕ್ಕೆ ಮರಳಿಲ್ಲ. ಒಂದೂವರೆ ಮೀಟರಿನ ನೆಲ ನಿಂತಿರುವುದು ನೀರಿನಡಿಯ ಆ ಅರೆಯುವ ಕಲ್ಲಿನ ಮೇಲೆ. ಬಾಗಿ ಕಿವಿಗೊಟ್ಟರೆ ಮೀನುಗಳು ಕಲ್ಲು ಕಚ್ಚುವ ಕಟಕಟ ಸದ್ದು ಕೇಳುತ್ತದೆಂದು ಅವಳು ಹೇಳಿದಳು. ಶ್ರೀಮತಿಯವರು ಮೊಣಕಾಲುದ್ದದ ನೀರಿನಲ್ಲಿ ಬಾಗಿ ಒಂದು ಕಿವಿಯನ್ನು ಮುಳುಗಿಸಿದರು. “ಒರಳಿನ ಸದ್ದೇ!” ಎಂದು ಒದ್ದೆಯ ಮುಖದಲ್ಲಿ ನಕ್ಕರು. ದ್ವೀಪಕ್ಕೆ ಬಂದ ಮೇಲೆ ಅದು ಅವರ ಮೊದಲ ಬಾಯ್ತುಂಬ ನಗೆ.

ನೀರಿನಂಚಿನಲ್ಲಿ ಕವಡೆಗಳು ಸಿಕ್ಕವು. ಹಳದಿ ಬೆನ್ನಿನ ಪುಟ್ಟ ಕವಡೆಗಳು. ಮೇಷ್ಟರಿಗೆ ಮತ್ತೆ ಪಾಠದ ಉತ್ಸಾಹ ಬಂತು. ಒಂದು ಕಾಲದಲ್ಲಿ ಈ ದ್ವೀಪಗಳಿಂದ ಹಡಗುಗಟ್ಟಲೆ ಕವಡೆ ಬಂಗಾಳಕ್ಕೆ ಹೋಗಿ ನಾಣ್ಯವಾಗಿ ಚಲಾವಣೆಯಾಗುತ್ತಿತ್ತು, ಅದಕ್ಕೆ ಬದಲಾಗಿ ಅಕ್ಕಿ ಬರುತ್ತಿತ್ತು. ಈಗ ನಮ್ಮಲ್ಲಿ ಬೆಲೆಯಿಲ್ಲದ್ದನ್ನು ಕವಡೆ ಕಾಸಿನ ಕಿಮ್ಮತ್ತಿಲ್ಲ ಎನ್ನುತ್ತೇವೆ. ಹೇಳುತ್ತಿದ್ದವರು ನಡುವೆ ನಿಲ್ಲಿಸಿಬಿಟ್ಟರು. ಬೆಲೆಯ ಮಾತನ್ನು ಮುಂದುವರಿಸಲು ಏಕೋ ನಾಲಗೆ ಏಳಲಿಲ್ಲ.

ಪಾಠದ ಉಳಿದ ಭಾಗಕ್ಕೆ ಕಾಯದೆ ಶ್ರೀಮತಿಯವರು ಬೆರಳಿನಿಂದ ಮರಳಿನ ಮೇಲೆ ಐದು ಸಾಲು ಐದು ಮನೆ ಗೀರಿ, ಕಟ್ಟೆಗಳಿಗೆ ಅಡ್ಡಗೆರೆ ಹಾಕಿ, ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿದರು. ಚೌಕಾಬಾರ! ಮದುವೆಯಾದ ಹೊಸದರಲ್ಲಿ ಒಮ್ಮೆ, ಆಷಾಢದ ಮಳೆಯ ದಿನ, ಅತ್ತೆಯವರು ಮಲಗಿದ್ದಾಗ ಇಬ್ಬರೂ ಆಡಿದ್ದುಂಟು. ಆಮೇಲೆ ಸಮಯವಾಗಲಿಲ್ಲ. ಸಮಯವಾಗಲಿಲ್ಲವೆಂದರೆ ಆಕೆಗೆ ಆಗಲಿಲ್ಲ. ಮೇಷ್ಟರು ಮೂಲೆಮನೆಯ ಪಂಡಿತರೊಡನೆ ಭಾನುವಾರಗಳಲ್ಲಿ ಚದುರಂಗವಾಡುತ್ತಿದ್ದರು. ಮೇಷ್ಟರು ಕಾಯಿಗಳಿಗಾಗಿ ಸಣ್ಣ ಹವಳದ ಚೂರುಗಳನ್ನು ಆರಿಸಿದರು, ಆಕೆ ತೆಂಗಿನ ಕಡ್ಡಿಯ ತುಂಡುಗಳನ್ನು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ. ಆಕೆ ಮೂರು ಕಾಯಿ ಕಡಿದರು. ಪಕ್ಕದ ಕುಟೀರದ ಯೂರೋಪಿನ ದಂಪತಿಗಳು ಬಂದು ನಿಂತು ನೋಡಿದರು. ಬಿಸಿಲು ಇಳಿಯುವಷ್ಟರಲ್ಲಿ ಆಕೆಯ ನಾಲ್ಕು ಕಾಯಿಗಳೂ ಹಣ್ಣಾಗಿದ್ದವು. ಮೇಷ್ಟರದು ಒಂದೂ ಇಲ್ಲ.

“ಇಷ್ಟು ಚೆನ್ನಾಗಿ ಆಡುತ್ತೀಯ ಎಂದು ಗೊತ್ತೇ ಇರಲಿಲ್ಲ” ಎಂದರು ಮೇಷ್ಟರು.

“ಹೂಂ” ಎಂದರು ಆಕೆ. ಸೀರೆಯ ಮರಳನ್ನು ಕೊಡವಿಕೊಂಡರು. ಕವಡೆಗಳನ್ನು ಊರಿಗೆ ಒಯ್ಯುವಂತಿಲ್ಲವೆಂದು ರೆಸಾರ್ಟಿನವರು ಮೊದಲೇ ತಿಳಿಸಿದ್ದರು. ಆಕೆ ಅವನ್ನು ಎಣಿಸಿ ನೀರಿಗೇ ಬಿಟ್ಟರು.

ನಾಲ್ಕನೆಯ ದಿನ ಬೆಳಗಿನ ಜಾವ ಮೇಷ್ಟರು ತಾವಾಗಿಯೇ ಎದ್ದು ಜಗಲಿಗೆ ಬಂದರು. ಬರಿಸಾಲಿನ ಯುವಕ ಹಿಂದು ಹಿಂದಕ್ಕೆ ಸರಿಯುತ್ತ ಬಂದ. ಚೌಕಾಬಾರದ ಮನೆಯ ಬಳಿ ಬಂದಾಗ ಪೊರಕೆಯನ್ನು ತಡೆದು ಒಂದು ಗಳಿಗೆ ನೋಡಿದ. ಅದನ್ನು ಬಿಡಬಹುದೇ ಎಂದು ಯೋಚಿಸಿದಂತಿತ್ತು. ಆಮೇಲೆ ಅದರ ಮೇಲೂ ಗೆರೆಗಳೆಳೆದ. ಅವನ ಕೆಲಸವೇ ಅದು. ಈ ನಾಲ್ಕು ದಿನವೂ ಮೇಷ್ಟರು ಬಡಿಸಿದವನಿಗೆ, ಟವಲು ಕೊಟ್ಟವನಿಗೆ, ದೋಣಿ ಕಟ್ಟಿದವನಿಗೆ ಆ ನಾಡಿನ ನುಡಿಯಲ್ಲಿ “ಶುಕುರಿಯ್ಯಾ” ಎಂದು ವಂದನೆ ಹೇಳಲು ಕಲಿತಿದ್ದರು. ಈಗ ಇವನಿಗೂ ಹೇಳಿದರು. ಯುವಕ ಗಾಬರಿಯಿಂದ ತಲೆಯೆತ್ತಿದ; ಆ ಹೊತ್ತಿನಲ್ಲಿ ಅತಿಥಿ ಎಚ್ಚರವಾಗಿರುವುದು ತನ್ನದೇ ತಪ್ಪೋ ಎಂಬಂತೆ.

ಮನೆಯಲ್ಲಿ ವಂದನೆ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಹೇಳಿದರೆ ಹೊರಗಿನವರಂತೆ ಆಯಿತಲ್ಲ ಎಂದು ಕೇಳಿದವರು ನೊಂದುಕೊಳ್ಳುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ರೂಢಿಯ ನೆರಳಿನಲ್ಲಿ ಒಬ್ಬ ಮನುಷ್ಯ ನಲವತ್ತು ವರ್ಷ ತನ್ನ ಮನೆ ತನ್ನಷ್ಟಕ್ಕೆ ತಾನೇ ಗುಡಿಸಿಕೊಳ್ಳುತ್ತದೆ, ಅನ್ನ ತನ್ನಷ್ಟಕ್ಕೆ ತಾನೇ ಬೇಯುತ್ತದೆ ಎಂದು ತಿಳಿದು ನಡೆಯಬಹುದು. ಮೇಷ್ಟರು ಆ ದ್ವೀಪದ ಸೌಖ್ಯಕ್ಕೆ ಒಂದೇ ಸಂಜೆಯಲ್ಲಿ ಏಕೆ ಹೊಂದಿಕೊಂಡರೆಂಬುದಕ್ಕೆ ಉತ್ತರ ಇದರಲ್ಲಿದೆ. ಅವರಿಗೆ ಅಲ್ಲಿ ಹೊಸದಾಗಿದ್ದುದು ಕಡಲು ಮಾತ್ರ. ಉಳಿದುದೆಲ್ಲವೂ ಅವರಿಗೆ ಸರಸ್ವತೀಪುರದ ಮನೆಯಲ್ಲಿ, ಬಾಡಿಗೆಯಿಲ್ಲದೆ, ಮೊದಲಿನಿಂದಲೂ ದೊರೆತಿತ್ತು.

ಮೈಸೂರಿಗೆ ಬಂದ ಮಾರನೆಯ ದಿನವೂ ಎಂದಿನಂತೆ ಐದು ಗಂಟೆಗೆ ಪೊರಕೆಯ ಸದ್ದು ಕೇಳಿಸಿತು. ನಾಲ್ಕು ದಿನದ ಪ್ರವಾಸದಿಂದ ಲೋಕದ ವ್ಯವಸ್ಥೆಯೇನೂ ಬದಲಾಗುವುದಿಲ್ಲ. ಮೇಷ್ಟರು ಎದ್ದು ಹೋಗಿ ಪೊರಕೆಗೆ ಕೈಯೊಡ್ಡಿದರು; ಎದುರು ಮನೆಯವರು ನೋಡುತ್ತಾರೆ, ಒಳಗೆ ಹೋಗಿ ಎಂದು ಆಕೆ ಗದರಿಸಿದರು. ಅಲ್ಲಿಗೆ ಆ ಪ್ರಯತ್ನ ಮುಗಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಮೇಷ್ಟರು ಅಡುಗೆಮನೆಗೆ ಹೋಗಿ, ಬಹಳ ಹುಡುಕಿ, ಎರಡನೆಯ ತಟ್ಟೆಯೊಂದನ್ನು ತಂದು ತಮ್ಮ ತಟ್ಟೆಯ ಎದುರಿಗೆ ಇಟ್ಟು ಕುಳಿತರು.

“ಯಾರು ಬರುತ್ತಾರೆ?” ಎಂದರು ಆಕೆ, ಸೌಟು ಹಿಡಿದು.

“ಯಾರೂ ಇಲ್ಲ. ನೀನು ಕೂತುಕೋ.”

“ನನ್ನದು ಆಮೇಲೆ. ನಿಮಗೆ ಆರಿಹೋಗುತ್ತದೆ, ಶುರುಮಾಡಿ.”

ಮೇಷ್ಟರು ಶುರುಮಾಡಲಿಲ್ಲ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅನ್ನದ ಮೇಲಿನ ಆವಿ ತೆಳುವಾಗತೊಡಗಿತು. ಆಕೆ ಒಮ್ಮೆ ಒಲೆಯ ಕಡೆ, ಒಮ್ಮೆ ತಟ್ಟೆಯ ಕಡೆ ನೋಡಿದರು. ಆಮೇಲೆ, ಒಂದಿಷ್ಟು ಮುನಿಸಿನಿಂದಲೇ ಎನ್ನಬೇಕು, ಒಲೆಯ ಉರಿಯನ್ನು ಇಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಎದುರಿಗೆ ಬಂದು ಕುಳಿತರು.

“ಹುಳಿಗೆ ಇನ್ನೂ ಒಗ್ಗರಣೆ ಹಾಕಿಲ್ಲ” ಎಂದರು.

“ಆಗಲಿ,” ಎಂದು ಮೇಷ್ಟರು ಪಾತ್ರೆಯನ್ನು ಎಳೆದುಕೊಂಡು, ನಡುಗುವ ಕೈಯಿಂದ, ಮೇಜಿನ ಮೇಲೆ ನಾಲ್ಕು ಅಗುಳು ಚೆಲ್ಲುತ್ತ ಬಡಿಸಿದರು. “ಬಿಸಿಯಾಗಿದ್ದರೆ ಸಾಕು.”